ಕಣ್ಣು ಮುಚ್ಚಿಸಿ ಗೋಡೆ ಇಳಿಸುವ ಉಳಿಯಕ್ಕ

"ಯಾರದಪ್ಪಾ ಈ ಕೈ?"

ಯಾರನ್ನೂ ಕೇಳಿದ್ದಲ್ಲ. ಬೀದಿಯಲ್ಲಿ ಇನ್ನೂ ನರಪಿಳ್ಳೆಯಿಲ್ಲ. ಬೆಳಕು ಈಗಷ್ಟೇ ಎದುರು ಸಾಲಿನ ಮಾಳಿಗೆಗಳ ಮೇಲೆ ಬಂದು ಕೂತಿದೆ. ಕೆಳಗಿಳಿಯಲು ಇನ್ನೂ ಮನಸ್ಸು ಮಾಡಿಲ್ಲ. ನೀರಿನ ಟ್ಯಾಂಕಿನ ಕಾಂಪೌಂಡು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ ಹೆಂಗಸೊಬ್ಬರು ಒದ್ದೆ ಮಣ್ಣಿನಿಂದ ಸಿಮೆಂಟಿನ ಕೈಯೊಂದನ್ನು ಎತ್ತಿಕೊಳ್ಳುತ್ತಾರೆ. ಮಣಿಕಟ್ಟಿನವರೆಗೂ ಇದೆ. ಬೆರಳುಗಳು ಏನನ್ನೋ ಹಿಡಿದಂತೆ ಮಡಚಿಕೊಂಡಿವೆ. ಮುರಿದ ಕಡೆ ತುಕ್ಕು ತಿಂದ ಕಂಬಿ ಇಣುಕುತ್ತಿದೆ. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಆ ಕೈಯ ಮಣ್ಣು ಒರೆಸಿ, ಅವರು ಗೋಡೆಯುದ್ದಕ್ಕೂ ಕಣ್ಣು ಹಾಯಿಸುತ್ತಾರೆ. ಈಗಾಗಲೇ ಇಳಿದುಹೋದವರನ್ನೂ ಸೇರಿಸಿದರೆ ಅಲ್ಲಿ ಕೈ ಕಳೆದುಕೊಂಡವರು ಒಬ್ಬಿಬ್ಬರಲ್ಲ.

"ಹಾಲಿನವನದು," ಎಂದು ಕೊನೆಗೆ ತಮಗೆ ತಾವೇ ಹೇಳಿಕೊಳ್ಳುತ್ತಾರೆ. "ನಿನ್ನೆ ಸಂಜೆ ತನಕ ಕ್ಯಾನು ಹಿಡ್ಕೊಂಡೇ ನಿಂತಿದ್ದ. ರಾತ್ರಿ ತಾನಾಗೇ ಇಳಿದುಬಿಟ್ಟಿದೆ. ನಾನು ಬರೋ ತನಕ ತಾಳ್ಮೆ ಇಲ್ಲ ನೋಡು ಇವನಿಗೆ."

ಕೈಯನ್ನು ಗೋಣಿತಾಟಿನ ಮೇಲೆ ಅಂಗೈ ಮೇಲಾಗಿ ಮಲಗಿಸಿ, ಮಂಡಿಗೆ ಕೈಯೂರಿ ಏಳುತ್ತಾರೆ. ಕೂದಲು ಅರ್ಧಕ್ಕರ್ಧ ಬೆಳ್ಳಗಾಗಿದೆ. ಅದರಲ್ಲಿ ವಯಸ್ಸಿನದೆಷ್ಟು, ಗಾರೆಯ ದೂಳಿನದೆಷ್ಟು ಎಂದು ಅವರ ಸೊಸೆ ದಿನಾ ಚೇಷ್ಟೆ ಮಾಡುತ್ತಾಳಂತೆ. ಈ ಬಡಾವಣೆಯಲ್ಲಿ ಅವರ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಅವರು ಉಳಿಯಕ್ಕ. ನಗರಸಭೆಯ ಒಂದು ಸಣ್ಣ ತಂಡದಲ್ಲಿ ಅವರದು ಉಳಿ ಹಿಡಿಯುವ ಕೆಲಸ. ಕಾಲ ಕಳೆದು, ಬಿರಿದು, ಯಾರ ತಲೆಯ ಮೇಲೆ ಯಾವಾಗ ಬೀಳುತ್ತವೋ ಎಂಬಂತಾದ ಬೀದಿಯ ಚಿತ್ರಗಳನ್ನು, ಬೊಂಬೆಗಳನ್ನು, ಗೋಡೆಯ ಉಬ್ಬುಚಿತ್ರಗಳನ್ನು ತೆಗೆದುಹಾಕುವುದು ಆ ತಂಡದ ಹೊಣೆ. 'ಒಡೆಯುವವರು' ಎಂದರೆ ಅಕ್ಕನಿಗೆ ಸಿಟ್ಟು ಬರುತ್ತದೆ. ಅವರ ಬಾಯಲ್ಲಿ ಅದು ಯಾವಾಗಲೂ 'ಇಳಿಸುವುದು'. ಮರ ಹತ್ತಿ ಕೂತ ಮಗುವನ್ನು ಇಳಿಸುವಂತೆ.

ಕೆಲಸಕ್ಕೆ ಬೆಳಗಿನ ಜಾವವೇ ಆಗಬೇಕು. ಬಿಸಿಲೇರಿದರೆ ಗಾರೆ ಒಣಗಿ ದೂಳೇಳುತ್ತದೆ. ಬಸ್ಸುಗಳ ಓಡಾಟ ಶುರುವಾದರೆ ಗೋಡೆಯ ಮಾತು ಕಿವಿಗೆ ಬೀಳುವುದಿಲ್ಲ. ಅಕ್ಕ ಬಿದಿರಿನ ಸಾರುವೆ ಹತ್ತಿ ಗೋಡೆಗೆ ಕಿವಿಯಾನಿಸಿ, ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿಯುತ್ತಾ ಹೋಗುತ್ತಾರೆ. ಹಾಲಿನವನ ಎದೆ, ಹೆಗಲು, ರುಮಾಲು. ಕದ ತಟ್ಟಿ ಒಳಗಿನವರು ಓಗೊಡುವುದನ್ನು ಕಾಯುವವರ ಹಾಗೆ ಒಂದೊಂದು ಸಲ ಬಡಿದಾಗಲೂ ತುಸು ನಿಲ್ಲುತ್ತಾರೆ. ಅಲ್ಲಲ್ಲಿ ಇದ್ದಿಲಿನಿಂದ ಗೀಟು ಎಳೆಯುತ್ತಾರೆ.

"ಗಟ್ಟಿ ಇರೋ ಕಡೆ ಮೊದ್ದು ಸದ್ದು ಬರುತ್ತೆ. ಟೊಳ್ಳಾಗಿರೋ ಕಡೆ ಮಾತ್ರ ಚೆನ್ನಾಗಿ ಹಾಡುತ್ತೆ," ಎನ್ನುತ್ತಾರೆ. "ಹಾಡೋ ಜಾಗ ಸಿಕ್ಕಿದ್ರೆ ಎದೆ ಧಸಕ್ ಅನ್ನುತ್ತೆ ನನಗೆ. ಅಷ್ಟು ಇಂಪಾಗಿ ಹಾಡ್ತಾ ಇದೆ ಅಂದ್ರೆ, ಹಿಂದೆ ಹಿಡ್ಕೊಂಡಿರೋರು ಯಾರೂ ಇಲ್ಲ ಅಂತ ಅರ್ಥ."

ಆಮೇಲೆ, ಉಳಿ ಮುಟ್ಟುವ ಮೊದಲು, ಇನ್ನೊಂದು ಕೆಲಸ. ಸೊಂಟದ ಚೀಲದಲ್ಲಿ ಒದ್ದೆ ಬಟ್ಟೆಯೊಳಗೆ ಜೇಡಿಮಣ್ಣಿನ ಒಂದು ಉಂಡೆ ಸದಾ ಇರುತ್ತದೆ. ಅದರಿಂದ ಚೂರು ಚಿವುಟಿ, ಹೆಬ್ಬೆರಳಿನಲ್ಲಿ ನಾದಿ, ಹಾಲಿನವನ ಒಂದು ಕಣ್ಣಿನ ಮೇಲೆ ಒತ್ತುತ್ತಾರೆ. ಆಮೇಲೆ ಇನ್ನೊಂದರ ಮೇಲೆ. ರೆಪ್ಪೆ ಮುಚ್ಚಿದಂತೆ ಕಾಣುವವರೆಗೂ ತೀಡುತ್ತಾರೆ. ಎಷ್ಟೋ ವರ್ಷಗಳಿಂದ ಬೀದಿ ನೋಡುತ್ತ ನಿಂತಿದ್ದ ಮುಖ ನಿದ್ದೆಹೋದಂತಾಗುತ್ತದೆ. ಅದಾದ ಮೇಲೆಯೇ ಮೊದಲ ಏಟು.

ಈ ಪದ್ಧತಿ ಯಾವ ಕಚೇರಿಯ ನಿಯಮದಲ್ಲೂ ಇಲ್ಲ. ತಂಡದ ಮೇಸ್ತ್ರಿ ವಯಸ್ಸಿನಲ್ಲಿ ಅಕ್ಕನಿಗಿಂತ ಎಷ್ಟೋ ಚಿಕ್ಕವನು. ಅವನು ಕೆಲಸಕ್ಕೆ ಬಂದ ಹೊಸದರಲ್ಲಿ ನಕ್ಕುಬಿಟ್ಟಿದ್ದನಂತೆ. ಇದು ಸಿಮೆಂಟು, ಇದಕ್ಕೇನು ಗೊತ್ತಾಗುತ್ತೆ ಅಕ್ಕಾ ಎಂದು ಕೇಳಿದ್ದಕ್ಕೆ ಬಂದ ಉತ್ತರವನ್ನು ಅವನೇ ಈಗ ಹೊಸಬರಿಗೆ ಹೇಳುತ್ತಾನೆ: "ಅದಕ್ಕೆ ಗೊತ್ತಾಗೋದಿಲ್ಲ ತಮ್ಮಾ. ನನಗೆ ಗೊತ್ತಾಗುತ್ತಲ್ಲ." ಈಗ ಅಕ್ಕನ ಹೆಬ್ಬೆರಳು ಬಂದು ಹೋಗದೆ ತಂಡದ ಯಾರೂ ಯಾವ ಮುಖಕ್ಕೂ ಸುತ್ತಿಗೆ ಎತ್ತುವುದಿಲ್ಲ.

ಗೋಡೆ ಉದ್ದವಾದದ್ದು, ಬಸ್ ನಿಲ್ದಾಣದ ಬಳಿ ಶುರುವಾಗಿ ಬೀದಿ ನಲ್ಲಿಯ ಮೂಲೆಗೆ ಮುಗಿಯುತ್ತದೆ. ಇದರ ಮೇಲೆ ಇರುವವರು, ಇದ್ದವರು ಎನ್ನಬೇಕು, ರಾಜರೂ ಅಲ್ಲ, ದೇವತೆಗಳೂ ಅಲ್ಲ. ಇದೇ ಬೀದಿಯ ಜನ. ಎಂದೋ ಒಬ್ಬ ಕಲಾವಿದ ಬಂದು, ಇಲ್ಲಿಯೇ ಒಂದು ಕೋಣೆ ಹಿಡಿದು, ದಿನಾ ಓಡಾಡುವವರನ್ನು ನಿಲ್ಲಿಸಿ ನಿಲ್ಲಿಸಿ ಬರೆದುಕೊಂಡು ಗೋಡೆಗೇರಿಸಿದ. ಹೊಲಿಗೆ ಯಂತ್ರದ ಮೇಲೆ ಬಾಗಿದ ದರ್ಜಿ, ಇಸ್ತ್ರಿಯವನು, ಏಣಿ ಹೊತ್ತ ಇಬ್ಬರು ಲೈನ್‌ಮನ್‌ಗಳು, ಅಂಚೆಯವನು, ಹಾಲಿನವನು. ಬಟ್ಟೆಯ ಅಂಚುಗಳಿಗೆಂದು ಮನೆಮನೆಯಿಂದ ಒಡೆದ ಪಿಂಗಾಣಿ ಬಟ್ಟಲು, ತಟ್ಟೆ, ಬಳೆಚೂರು ಕೇಳಿ ಪಡೆದಿದ್ದನಂತೆ. ಈಗ ಅವು ಬಾಂಡ್ಲಿಗೆ ಬೀಳುವಾಗ ಯಾರಾದರೂ ಬಂದು ಹೆಕ್ಕುತ್ತಾರೆ. ಈ ನೀಲಿ ನಮ್ಮಜ್ಜಿಯ ಚಹಾ ಬಟ್ಟಲಿನದು ಎಂದು ಒಂದು ಚೂರನ್ನು ಅಂಗೈಯಲ್ಲಿಟ್ಟುಕೊಂಡು ಹೋಗುತ್ತಾರೆ.

ದಿನಾ ತಪ್ಪದೆ ಬರುವವರೆಂದರೆ ದರ್ಜಿ ಒಬ್ಬರೇ. ಗೋಡೆಯ ಮೇಲೆ ಅವರಿಗೆ ತಲೆತುಂಬ ಗುಂಗುರು ಕೂದಲಿತ್ತು. ನೆಲದ ಮೇಲೆ ಈಗ ಒಂದು ಎಳೆಯೂ ಇಲ್ಲ. ನಿಲ್ದಾಣದ ಕಟ್ಟೆಯ ಮೇಲೆ ಕೂತು ಕೆಲಸ ನೋಡುತ್ತಾರೆ. ಅವರ ಪ್ರತಿಮೆ ಇಳಿದ ದಿನ ಮಾತ್ರ ಬಂದಿರಲಿಲ್ಲ. ಮಾರನೆಯ ದಿನ ಬಂದು, ಬರಿಗೋಡೆಯನ್ನು ತುಂಬ ಹೊತ್ತು ನೋಡಿ, ಮೊದಲು ಹೋಗೋದು ನಾನು, ಆಮೇಲೆ ಅದು ಅಂದುಕೊಂಡಿದ್ದೆ, ಕೂದಲು ನಾನು ಮೊದಲು ಉದುರಿಸಿದೆ, ಉಳಿದದ್ದರಲ್ಲಿ ಅದೇ ಮುಂದೆ ಹೋಯಿತು ಎಂದರು. ನಗಿಸಲೆಂದೇ ಹೇಳಿದ್ದು. ಯಾರೂ ನಗಲಿಲ್ಲ.

"ಹಾಕೋವಾಗ ರಿಬ್ಬನ್ನು ಕತ್ತರಿಸೋಕೆ ದೊಡ್ಡವರು ಸಾಲುಗಟ್ಟಿ ನಿಲ್ತಾರೆ," ಎನ್ನುತ್ತಾರೆ ಉಳಿಯಕ್ಕ. "ಇಳಿಸೋವಾಗ ಒಂದು ನಾಯಿನೂ ಬಂದು ನೋಡೋದಿಲ್ಲ."

"ನಾನಿಲ್ವೇನಮ್ಮಾ, ದಿನಾ ಬಂದು ಕೂರೋದಿಲ್ವಾ?" ಎಂದು ಕಟ್ಟೆಯಿಂದ ದರ್ಜಿ.

"ನಿಮ್ಮನ್ನ ಲೆಕ್ಕಕ್ಕೆ ಹಿಡಿದಿರಲಿಲ್ಲ ದರ್ಜಿಯವರೇ. ನಾನು ಹೇಳಿದ್ದು ನಾಯಿ ಮಾತು."

ಗೋಡೆಯನ್ನು ಕೆಡವುವವರ ಮೇಲೆ ಊರಿಗೆ ಸಿಟ್ಟು ಬರುವುದು ಸಹಜ. ಆದರೆ ಇಲ್ಲಿ ತಪ್ಪು ಹೊರಿಸಲು ಯಾರೂ ಸಿಗುವುದಿಲ್ಲ. ಟ್ಯಾಂಕಿನ ನೀರು ಜಿನುಗಿ ಜಿನುಗಿ ಗೋಡೆಗೆ ಇಳಿದಿದೆ. ಒಳಗಿನ ಕಂಬಿಗಳು ತುಕ್ಕು ಹಿಡಿದು ಊದಿಕೊಂಡು ಮೈಮೇಲಿನ ಗಾರೆಯನ್ನು ಸೀಳಿವೆ. ಕಳೆದ ಮಳೆಗಾಲದ ಕೊನೆಯಲ್ಲಿ ಲೈನ್‌ಮನ್‌ನ ಏಣಿ ಕಳಚಿ ಚಹಾದ ಕೈಗಾಡಿಯ ಮೇಲೆ ಬಿತ್ತು. ಗಾಡಿಯವನು ಹಾಲು ತರಲು ಎದ್ದುಹೋಗಿದ್ದರಿಂದ ಬದುಕಿಕೊಂಡ. ಶಾಲೆಯ ಮಕ್ಕಳು ಬಸ್ಸಿಗೆ ಕಾಯುತ್ತ ಬೆನ್ನು ಒರಗಿಸಿ ನಿಲ್ಲುವುದು ಇದೇ ಗೋಡೆಗೆ. ನಗರಸಭೆಯ ಇಂಜಿನಿಯರಮ್ಮ ಸುಮ್ಮನೆ ಆದೇಶ ಬರೆದು ಕೈತೊಳೆದುಕೊಂಡವರಲ್ಲ. ತಿಳಿದವರನ್ನು ಕರೆಸಿದರು. ಬಂದವರು ಗಾರೆಯ ಪುಡಿ ಕೊಂಡೊಯ್ದು ಪರೀಕ್ಷೆ ಮಾಡಿದರು. ಹಿಂದಿನ ಗೋಡೆಯೇ ಹುಳುಕಾಗಿರುವಾಗ ಮುಂದಿನದನ್ನು ಯಾವುದಕ್ಕೆ ಅಂಟಿಸುವುದು ಎಂದು ತಲೆಯಾಡಿಸಿದರು. ಅಚ್ಚು ತೆಗೆಯಲು ನೋಡಿದಾಗ ಅಚ್ಚಿನ ಜೊತೆಗೇ ಮೇಲಿನ ಪದರ ಕಿತ್ತು ಬಂತು. ಕೊನೆಗೆ ಇಂಜಿನಿಯರಮ್ಮ ಎಲ್ಲದರ ಫೋಟೊ ತೆಗೆಸಿಟ್ಟು, ಇಳಿಸಿ ಎಂದರು. ಹಾಗೆನ್ನುವಾಗ ಅವರು ಅಕ್ಕನ ಮುಖ ನೋಡಲಿಲ್ಲ ಎಂಬುದು ಮೇಸ್ತ್ರಿಯ ನೆನಪು.

ಯಾಕೆಂದರೆ ಗೋಡೆಯ ಕೊನೆಯಲ್ಲಿ, ನಲ್ಲಿಯ ಮೂಲೆಯಲ್ಲಿ, ಐದು ವರ್ಷದ ಒಂದು ಹುಡುಗಿ ನಿಂತಿದ್ದಾಳೆ. ಅವಳು ಉಳಿಯಕ್ಕನ ಮಗಳು.

ಈ ಗೋಡೆಗೆ ಚಿತ್ರ ಬರೆದುಕೊಟ್ಟವನು ಕಲಾವಿದ. ಗಾರೆ ಮೆತ್ತಿ ಬೊಂಬೆಗಳನ್ನು ಎಬ್ಬಿಸಿದವರು ಬೇರೆ. ಅವರಲ್ಲೊಬ್ಬರು ಅಕ್ಕನ ಯಜಮಾನರು. ಆಗ ಹರೆಯದ ಗಾರೆ ಕೆಲಸಗಾರ. ಕರಣೆ ಹಿಡಿದರೆ ಗುನುಗುತ್ತಲೇ ಕೆಲಸ, ಹಾಡಿನ ಲಯ ತಪ್ಪಿದರೆ ಗಾರೆಯ ಮೈಯೂ ತಪ್ಪುತ್ತದೆ ಎನ್ನುತ್ತಿದ್ದರಂತೆ. ಮಧ್ಯಾಹ್ನ ಮಗಳು ಬುತ್ತಿ ಹಿಡಿದು ಬರುತ್ತಿದ್ದಳು. ಒಂದು ಕಡೆ ನಿಲ್ಲುವ ಜಾತಿಯಲ್ಲ, ಅದಕ್ಕೇ ಎಲ್ಲರ ಬಾಯಲ್ಲಿ ಗುಬ್ಬಿ. ಅದೊಂದು ದಿನ ಕಲಾವಿದ ಊಟ ಮುಗಿಸಿ ನೆರಳಿನಲ್ಲಿ ಕಣ್ಣು ಮುಚ್ಚಿದಾಗ, ಬಾಂಡ್ಲಿಯಲ್ಲಿ ಉಳಿದ ಗಾರೆ ಗಟ್ಟಿಯಾಗಿ ಹಾಳಾಗುವುದೇಕೆಂದು, ನಲ್ಲಿಯ ಮೂಲೆಯ ಖಾಲಿ ಜಾಗದಲ್ಲಿ ಇವರು ಮಗಳನ್ನು ನಿಲ್ಲಿಸಿ ಮೆತ್ತಲು ಶುರುಮಾಡಿದರು. ಹಗ್ಗದಾಟ ಆಡುತ್ತಿರುವ ಹುಡುಗಿ. ಹಗ್ಗ ತಲೆಯ ಮೇಲೆ ಬಂದಿರುವ ಗಳಿಗೆ, ಎರಡೂ ಕೈ ಮೇಲೆ. ಹಗ್ಗಕ್ಕೆ ಒಂದು ತಂತಿ ಬಾಗಿಸಿಟ್ಟರು. ಮುಂದಿನ ಹಲ್ಲು ಬಿದ್ದಿತ್ತಾದ್ದರಿಂದ ಗುಬ್ಬಿ ನಗು ತಡೆದುಕೊಂಡು ತುಟಿ ಬಿಗಿಹಿಡಿದಿದ್ದಳು. ಆ ಬಿಗಿಹಿಡಿದ ತುಟಿ ಹಾಗೆಯೇ ಬಂತು.

ಕಲಾವಿದ ಎದ್ದು ಬಂದು ನೋಡಿದ. ಬೈಯುತ್ತಾನೆ ಎಂದು ಇವರು ಕರಣೆ ಕೆಳಗಿಟ್ಟು ನಿಂತರು. ಗೋಡೆಯ ಎಲ್ಲ ಮುಖಗಳಿಗೂ ಕಣ್ಣು ಮಾತ್ರ ತಾನೇ ಬರೆಯುತ್ತಿದ್ದ ಮನುಷ್ಯ ಅವನು. ಆ ಕೆಲಸ ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಅಂಥವನು, ಇದರ ಕಣ್ಣು ನೀನೇ ತೆರೆ ಎಂದು ಹೊರಟುಹೋದ. ಯಜಮಾನರು ಜೇಬಿನಿಂದ ಒಂದು ಬೆಂಕಿಕಡ್ಡಿ ತೆಗೆದು, ಅದರ ತುದಿಯಿಂದ ಮಗಳ ಕಣ್ಣು ತೆರೆದರು.

ಹೊಸ ಗಾರೆಗೆ ದಿನಾ ನೀರು ಕುಡಿಸಬೇಕು, ಇಲ್ಲದಿದ್ದರೆ ಬಿರಿಯುತ್ತದೆ. ಸಂಜೆ ಹೊತ್ತು ಯಜಮಾನರು ತಂಬಿಗೆಯಲ್ಲಿ ನೀರು ಹಿಡಿದು ಗೋಡೆಗೆ ಎರಚುವಾಗ, ಗುಬ್ಬಿ ತನ್ನ ಬೊಂಬೆಯ ಮುಂದೆ ಅಡ್ಡ ನಿಂತು, ಅವಳಿಗೆ ಸಾಕು ಅಪ್ಪಾ, ಶೀತ ಆಗುತ್ತೆ ಎನ್ನುತ್ತಿದ್ದಳಂತೆ. ಇದನ್ನು ಹೇಳುವಾಗ ಉಳಿಯಕ್ಕ ನಗುತ್ತಾರೆ. ನಕ್ಕು, ಚೀಲದೊಳಗೆ ಏನನ್ನೋ ಹುಡುಕುವಂತೆ ಬಗ್ಗುತ್ತಾರೆ.

ಮರುವರ್ಷದ ಮಳೆಗಾಲದಲ್ಲಿ ಗುಬ್ಬಿಗೆ ಜ್ವರ ಬಂತು. ಔಷಧಿಗೆ ಇಳಿಯಿತು, ಮತ್ತೆ ಏರಿತು. ಗಂಡ ಹೆಂಡತಿ ಸರದಿಯ ಮೇಲೆ ಕೂತರು. ಒದ್ದೆ ಬಟ್ಟೆ ಹಣೆಗೆ ಹಾಕುವುದು, ಬಿಸಿಯಾಗುತ್ತಲೇ ತೆಗೆಯುವುದು, ಅದ್ದಿ ಹಿಂಡಿ ಮತ್ತೆ ಹಾಕುವುದು. ಒಬ್ಬರು ಕಣ್ಣು ಮುಚ್ಚಿದರೆ ಇನ್ನೊಬ್ಬರು. ಆ ಬಟ್ಟೆ ಹಳೆಯ ಟವೆಲಿನ ಅರ್ಧ, ಅಂಚಿನಲ್ಲಿ ಕೆಂಪು ಪಟ್ಟಿ ಇತ್ತು ಎಂಬುದು ಅಕ್ಕನಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

"ಒಂದು ಬೆಳಿಗ್ಗೆ ಬಟ್ಟೆ ಬಿಸಿಯಾಗೋದು ನಿಂತುಹೋಯ್ತು," ಎನ್ನುತ್ತಾರೆ. "ಜ್ವರ ಬಿಟ್ಟಿತು ಅಂದ್ಕೊಂಡೆ ನಾನು. ಎದ್ದುಹೋಗಿ ಗಂಜಿಗೆ ಇಟ್ಟೆ."

ಆ ಕಾಲದಲ್ಲಿ ಅವರ ಮನೆಯಲ್ಲಿ ಫೋಟೊ ತೆಗೆಸುವುದೆಲ್ಲ ಎಲ್ಲಿಯ ಮಾತು. ಗುಬ್ಬಿಯ ಮುಖ ಎಂದು ಭೂಮಿಯ ಮೇಲೆ ಉಳಿದದ್ದು ಈ ಗೋಡೆಯ ಮೇಲಿನದು ಒಂದೇ. ಮುಂದೆ ಒಬ್ಬ ಮಗ ಹುಟ್ಟಿದ, ಬೆಳೆದ, ಈಗ ಬಸ್ ಡಿಪೋದಲ್ಲಿ ರಾತ್ರಿಪಾಳಿಯಲ್ಲಿದ್ದಾನೆ. ಮನೆಗೆ ಮಾತಿನ ಮಲ್ಲಿ ಸೊಸೆ ಬಂದಿದ್ದಾಳೆ. ನಿಮ್ಮ ಚೀಲದಲ್ಲಿ ಊಟಕ್ಕಿಂತ ಮಣ್ಣೇ ಜಾಸ್ತಿ ಅತ್ತೆ, ಯಾವತ್ತೋ ಒಂದು ದಿನ ಮರೆತು ಅದನ್ನೇ ತಿಂತೀರಿ ಎಂದು ಬೆಳಿಗ್ಗೆ ಬುತ್ತಿ ಕಟ್ಟುತ್ತಾಳೆ. ಬದುಕು ನಿಂತಿಲ್ಲ. ಆದರೆ ಯಜಮಾನರು ಕೆಲಸದಿಂದ ಬರುವಾಗ ನಾಲ್ಕು ಹೆಜ್ಜೆ ಸುತ್ತಾದರೂ ನಲ್ಲಿಯ ಮೂಲೆಯ ಮೇಲೆಯೇ ಬರುತ್ತಿದ್ದರು. ಎಲ್ಲಕ್ಕಿಂತ ಮೊದಲು ತುಕ್ಕು ಹಿಡಿದು ಉದುರಿದ್ದು ಹಗ್ಗದ ತಂತಿ. ಹಗ್ಗ ಹೋದ ಮೇಲೆ ಮೇಲೆತ್ತಿದ ಎರಡು ಕೈ ಮಾತ್ರ ಉಳಿಯಿತು. ಹೊಸದಾಗಿ ನೋಡುವವರಿಗೆ ಅದು ಆಟವೆಂದು ಹೊಳೆಯುವುದೇ ಇಲ್ಲ. ಎತ್ತಿಕೋ ಎಂದು ಯಾರನ್ನೋ ಕೇಳುತ್ತಿರುವ ಮಗುವಿನ ಹಾಗೆ ಕಾಣುತ್ತದೆ.

ಯಜಮಾನರಿಗೆ ಅದು ಹಾಗೆ ಕಾಣಲಿಲ್ಲ. ಅಷ್ಟು ಹೊತ್ತಿಗೆ ಅವರ ಕಣ್ಣು ಹೋಗಿತ್ತು. ಒಂದು ಕಣ್ಣಿಗೆ ಸುಣ್ಣ ಸಿಡಿದು, ಇನ್ನೊಂದು ತಾನಾಗಿಯೇ ಮಂಜಾಗುತ್ತ ಮಂಜಾಗುತ್ತ. ಅವರ ಕೈಕೆಳಗೆ ಗಾರೆ ಕಲಸಿಕೊಡುತ್ತಿದ್ದ ಹೆಂಡತಿ ಆಗ ಬೇರೆ ಕೆಲಸ ನೋಡಬೇಕಾಯಿತು. ನಗರಸಭೆಯ ಇಳಿಸುವ ತಂಡಕ್ಕೆ ಜನ ಬೇಕಿತ್ತು, ಸೇರಿಕೊಂಡರು. ಗಂಡ ಎಬ್ಬಿಸಿದ್ದನ್ನು ಹೆಂಡತಿ ಇಳಿಸುತ್ತಾಳೆ ಎಂದು ಓರಗಿತ್ತಿಯರು ಆಡಿಕೊಂಡರು. ಅದಕ್ಕೆ ಯಜಮಾನರೇ, ಕಟ್ಟಿದವರ ಮನೆಯವರೇ ಬಿಚ್ಚಿದರೆ ಗಂಟು ಹರಿಯುವುದಿಲ್ಲ ಎಂದು ಬಾಯಿ ಮುಚ್ಚಿಸಿದರಂತೆ. ತೆರೆದ ಕಣ್ಣಿಗೆ ಉಳಿ ತೋರಿಸಬೇಡ, ಮೊದಲು ಮುಚ್ಚು ಎಂದು ಕಳಿಸಿಕೊಟ್ಟವರೂ ಅವರೇ.

ಅಲ್ಲಿಂದೀಚೆಗೆ ಅಕ್ಕನ ಕೈಯಲ್ಲಿ ಏನೆಲ್ಲ ಇಳಿದಿದೆ! ಉದ್ಯಾನದ ತುಕ್ಕು ಹಿಡಿದ ಕಬ್ಬಿಣದ ಕೊಕ್ಕರೆಗಳು, ಮೇಲ್ಸೇತುವೆಯ ಕಂಬಗಳಿಂದ ಸಿಪ್ಪೆಸಿಪ್ಪೆಯಾಗಿ ಏಳುತ್ತಿದ್ದ ಬಣ್ಣದ ಚಿತ್ರಗಳು, ಕಾರಂಜಿ ನಿಂತುಹೋದ ಮೇಲೂ ಕೊಡ ಬಗ್ಗಿಸಿಕೊಂಡೇ ನಿಂತಿದ್ದ ಹೆಣ್ಣುಗಳು. ಬಲಗೈ ಹೆಗಲಿಗಿಂತ ಮೇಲೆ ಏಳುವುದಿಲ್ಲ. ಎಡಗೈಯಿಂದ ಎತ್ತಿ ಸಾರುವೆಯ ಮೇಲಿಟ್ಟು, ಅಲ್ಲಿಂದ ಮುಂದೆ ಕೆಲಸ ಮಾಡಿಸುತ್ತಾರೆ. ಚಳಿ ಬಿದ್ದರೆ ಕೆಮ್ಮು. ಒಂದು ಹೆಬ್ಬೆರಳಿನ ಉಗುರು ಎಂದೋ ಕಪ್ಪಾದದ್ದು ಬಣ್ಣ ಬಿಟ್ಟಿಲ್ಲ. ಆ ದಿನದ ಭಾಗ ಹಗುರಾಗಿ ಬಂದರೆ ಒಂದಾಳುದ್ದ ಇಳಿಯುತ್ತದೆ. ಹಟ ಹಿಡಿದರೆ ಒಂದು ಮುಖಕ್ಕೇ ಬೆಳಗು ಮುಗಿಯುತ್ತದೆ.

ಈ ಗೋಡೆಯ ಕೆಲಸ ಬಂದಾಗ, ಅಕ್ಕಾ ನೀನು ಈ ಸಲ ರಜೆ ಹಾಕು ಎಂದು ಮೇಸ್ತ್ರಿ ಹೇಳಿದ್ದುಂಟು. ಅಕ್ಕ ಒಪ್ಪಲಿಲ್ಲ. ಬಸ್ ನಿಲ್ದಾಣದ ಕಡೆಯಿಂದ ಶುರುಮಾಡೋಣ ಎಂದಷ್ಟೇ ಕೇಳಿಕೊಂಡರು. ಅಂದರೆ ಗುಬ್ಬಿಯ ಸರದಿ ಕೊನೆಗೆ.

ಅಲ್ಲಿಂದ ಮನೆಯಲ್ಲಿ ಪ್ರತಿ ಸಂಜೆ ಒಂದೇ ಪ್ರಶ್ನೆ. ಬಾಗಿಲ ಪಕ್ಕದ ಮಂಚದ ಮೇಲೆ ಕೂತ ಯಜಮಾನರು, ಚಪ್ಪಲಿಯ ಸದ್ದು ಕೇಳುತ್ತಲೇ, ಎಲ್ಲಿಗೆ ಬಂತು ಎನ್ನುತ್ತಾರೆ. ದರ್ಜಿಯ ಹತ್ತಿರ. ಲೈನ್‌ಮನ್‌ಗಳ ಹತ್ತಿರ. ಅಂಚೆಯವನ ಹತ್ತಿರ. ಆಮೇಲೆ ಅಕ್ಕ ಆ ದಿನ ಇಳಿಸಿದ ಒಂದು ಚೂರನ್ನು ಅವರ ಅಂಗೈಯಲ್ಲಿಡುತ್ತಾರೆ. ಅವರು ಬೆರಳಾಡಿಸಿ, ಇದು ಚೀಲದ ಮಡಿಕೆ, ಈ ಮಡಿಕೆ ಬರದೆ ಮೂರು ಸಲ ಕೆರೆದು ಹಾಕಿದ್ದೆ ಎಂದು ಗುರುತು ಹಿಡಿಯುತ್ತಾರೆ. ಸೊಸೆ ತನ್ನ ಫೋನಿನಲ್ಲಿ ಗುಬ್ಬಿಯ ಬೊಂಬೆಯ ಫೋಟೊ ತುಂಬ ತೆಗೆದಿಟ್ಟಿದ್ದಾಳೆ. ದೊಡ್ಡದು ಮಾಡಿಸಿ ಗೋಡೆಗೆ ಹಾಕೋಣ ಮಾವ ಎಂದು ಒಮ್ಮೆ ಅಂದಳು. ಹಾಕಮ್ಮ, ನೋಡೋರು ನೋಡ್ತೀರಿ ಎಂದು ಅವರು ಆ ಕಡೆ ಹೊರಳಿದರು. ಅಂದಿನಿಂದ ಅವಳು ಆ ಮಾತೆತ್ತಿಲ್ಲ.

ಇಸ್ತ್ರಿಯವನ ಮುಖದ ಸಂಗತಿಯೂ ಈ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಇಸ್ತ್ರಿಯವನು ತೀರಿಕೊಂಡು ವರ್ಷಗಳಾಗಿವೆ. ಅಂಗಡಿ ಈಗ ಹೆಂಡತಿಯದು. ಗಂಡನ ಸರದಿ ಬಂದ ದಿನ ಆಕೆ ಸಾರುವೆಯ ಕೆಳಗೆ ಬಂದು ನಿಂತು, ಮುಖ ಮಾತ್ರ ಇಡಿಯಾಗಿ ತೆಗೆದುಕೊಡ್ತೀಯಾ ಅಕ್ಕಾ ಎಂದರು. ಇಂಥ ಕೋರಿಕೆಗೆ ಉಳಿ ಹಿಡಿದವರ ಮನಸ್ಸು ಉಬ್ಬುತ್ತದೆ. ಕೆಡವುವುದೇ ಕೆಲಸವಾಗಿರುವವರಿಗೆ ಒಂದನ್ನು ಇಡಿಯಾಗಿ ಉಳಿಸಿಕೊಡು ಎಂದು ಯಾರಾದರೂ ಕೇಳುವುದು ಅಪರೂಪ. ಅಕ್ಕ ಬೆಳಗೆಲ್ಲ ಕೂತು, ಸುತ್ತ ಕೊರೆದು, ಹಿಂದಿನಿಂದ ಬಿಡಿಸಿ, ಮಗುವನ್ನು ಮಡಿಲಿಗೆ ಹಾಕುವಂತೆ ಗೋಣಿತಾಟಿನಲ್ಲಿ ಇಳಿಸಿಕೊಟ್ಟರು. ಒಂದು ಬಿರುಕೂ ಬಂದಿರಲಿಲ್ಲ. ತಂಡದವರೆಲ್ಲ ಭೇಷ್ ಎಂದರು. ಆಕೆ ಅದನ್ನು ಅಂಗಡಿಯಲ್ಲಿ, ಕೆಂಡದ ಪೆಟ್ಟಿಗೆಯ ಮೇಲ್ಗಡೆ ಬೆಚ್ಚಗಿನ ಗೂಡಿನಲ್ಲಿಟ್ಟರು. ಜೀವಮಾನವೆಲ್ಲ ಆ ಬಿಸಿಯ ಮುಂದೆ ನಿಂತವನು ತಾನೇ.

ತಪ್ಪಿದ್ದು ಅಲ್ಲಿ. ಗೋಡೆಯ ತೇವವನ್ನು ಎಲ್ಲರೂ ಶತ್ರು ಎಂದೇ ತಿಳಿದಿದ್ದರು, ಅಕ್ಕನೂ. ಗಾರೆಗೆ ಇಳಿದಿದ್ದ ಉಪ್ಪು ತೇವದಲ್ಲಿ ಕರಗಿಕೊಂಡು ಸುಮ್ಮನಿತ್ತು. ಬೆಚ್ಚನೆಯ ಗೂಡಿನಲ್ಲಿ ತೇವ ಆರಿತು, ಉಪ್ಪು ಹರಳುಗಟ್ಟಿ ಊದಿತು. ಮೊದಲು ಕೆನ್ನೆಯ ಮೇಲೆ ಪೌಡರು ಹಚ್ಚಿದಂತೆ ಬಿಳಿ ಎದ್ದಿತು. ಆಮೇಲೆ ಮೂಗು ಹೋಯಿತು. ತುಟಿ ಹೋಯಿತು. ಆಕೆ ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಗಂಡನ ಒಂದೊಂದು ಭಾಗವನ್ನು ಗುಡಿಸಬೇಕಾಯಿತು. ಕೊನೆಗೆ ಒಂದು ಬೇಸನ್ನಿನಲ್ಲಿ ಬೂದಿಯಂಥ ಪುಡಿ ತಂದು ಗೋಡೆಯ ಹತ್ತಿರ ನಿಂತರು. ಬೈಯಲಿಲ್ಲ, ಅಳಲೂ ಇಲ್ಲ.

"ಇದನ್ನ ಎಲ್ಲಿಗೆ ಹಾಕ್ಲಿ ಅಕ್ಕಾ?" ಎಂದರು.

ಅಕ್ಕ ಬೇಸನ್ನು ಇಸಿದುಕೊಂಡರು. ಅಷ್ಟೇ. ಆ ಬಳಿಕ ಮುಖ ಕೇಳಿಕೊಂಡು ಬಂದವರಿಗೆಲ್ಲ ಪಿಂಗಾಣಿ ಚೂರು ಮಾತ್ರ ಕೊಟ್ಟು ಕಳಿಸುತ್ತಾರೆ.

ಹಾಲಿನವನು ಬಿಸಿಲೇರುವ ಮುನ್ನ ಸಲೀಸಾಗಿ ಇಳಿಯುತ್ತಾನೆ. ಅವನ ರುಮಾಲಿನ ಹಸಿರು ಚೂರುಗಳನ್ನು ದರ್ಜಿ ಎರಡು ಜೇಬಿಗೂ ತುಂಬಿಕೊಳ್ಳುತ್ತಾರೆ. ಸಾರುವೆಯನ್ನು ಬಿಚ್ಚಿ ನಲ್ಲಿಯ ಮೂಲೆಗೆ ಸರಿಸಬೇಕಾಗಿಲ್ಲ. ಅಲ್ಲಿರುವವಳು ಎತ್ತರದಲ್ಲಿಲ್ಲ, ನೆಲದ ಮೇಲೆ ನಿಂತರೇ ಕೈಗೆ ಸಿಗುತ್ತಾಳೆ. ನಾಳೆ ಬೆಳಿಗ್ಗೆ ಎಂದು ಮೇಸ್ತ್ರಿ ಗೋಡೆಗೆ ಹೇಳುವಂತೆ ಹೇಳಿ ಹೋಗುತ್ತಾನೆ. ಆ ಸಂಜೆ ಮನೆಯಲ್ಲಿ ಪ್ರಶ್ನೆ ಬರುವುದಿಲ್ಲ. ಯಜಮಾನರು ಹಾಲಿನವನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಕ್ಯಾನಿನ ಹಿಡಿಕೆ ಇದ್ದ ಜಾಗದಲ್ಲಿ ಬೆರಳು ತೂರಿಸಿಕೊಂಡು, ಊಟಕ್ಕೆ ಕರೆಯುವವರೆಗೂ ಕೂತಿರುತ್ತಾರೆ. ಆಮೇಲೆ, ನಾಳೆ ನಾನೂ ಬರ್ತೀನಿ ಎನ್ನುತ್ತಾರೆ.

ಮಾರನೆಯ ಬೆಳಿಗ್ಗೆ ನಲ್ಲಿಯ ಮೂಲೆಯಲ್ಲಿ ಯಾರೂ ನೀರಿಗೆ ಬಂದಿಲ್ಲ. ಬೀದಿಯವರು ತಾವಾಗಿಯೇ ದೂರ ಉಳಿದಿದ್ದಾರೆ. ಕಟ್ಟೆಯ ಮೇಲೆ ದರ್ಜಿ ಟೋಪಿ ತೆಗೆದು ಕೂತಿದ್ದಾರೆ. ಮೇಸ್ತ್ರಿ ಸುತ್ತಿಗೆಯ ಹಿಡಿಯನ್ನು ಒರೆಸುತ್ತಾನೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾನೆ. ಅಕ್ಕ ಗುಬ್ಬಿಯ ಎದುರು ಮಂಡಿಯೂರಿ, ಗೆಣ್ಣಿನಿಂದ ಬಡಿದು ಕೇಳುತ್ತಾರೆ. ಹೊಟ್ಟೆ, ಎದೆ, ಕೆನ್ನೆ. ಎಲ್ಲ ಕಡೆಯೂ ಹಾಡುತ್ತದೆ. ಇಷ್ಟು ದಿನ ಇವಳು ಯಾವುದರ ಆಧಾರದ ಮೇಲೆ ನಿಂತಿದ್ದಳೋ.

ಉಂಡೆಯಿಂದ ಮಣ್ಣು ಚಿವುಟುತ್ತಾರೆ. ಬೇರೆ ಮುಖಗಳಿಗೆ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ನಾದುತ್ತಾರೆ. ಒಂದು ಕಣ್ಣು. ಇನ್ನೊಂದು ಕಣ್ಣು. ಬೆಂಕಿಕಡ್ಡಿಯ ತುದಿ ಅಷ್ಟು ವರ್ಷಗಳ ಹಿಂದೆ ಬಿಟ್ಟ ಗೆರೆಯ ಮೇಲೆ ರೆಪ್ಪೆ ಕೂರುತ್ತದೆ.

ಅಷ್ಟರಲ್ಲಿ ಸೊಸೆ ಮಾವನ ಕೈ ಹಿಡಿದು ಕರೆತರುತ್ತಾಳೆ. ಅಕ್ಕ ಎದ್ದು ಜಾಗ ಬಿಡುತ್ತಾರೆ. ಯಜಮಾನರು ಕೋಲನ್ನು ಸೊಸೆಗೆ ಕೊಟ್ಟು ಕುಕ್ಕರಿಸುತ್ತಾರೆ. ಎರಡೂ ಕೈ ಚಾಚಿ ಮೊದಲು ಮೇಲೆತ್ತಿದ ಪುಟ್ಟ ಕೈಗಳನ್ನು ಹಿಡಿಯುತ್ತಾರೆ. ತೋಳಿನಗುಂಟ ಇಳಿದ ಬೆರಳುಗಳು ಗದ್ದದ ಹತ್ತಿರ ನಿಧಾನವಾಗುತ್ತವೆ.

"ತುಟಿ ಹಾಗೇ ಇದೆ," ಎನ್ನುತ್ತಾರೆ. "ಇನ್ನೂ ನಗು ತಡ್ಕೊಂಡೇ ನಿಂತಿದ್ದಾಳೆ."

ಬೆರಳು ಮೇಲೇರಿ ಒದ್ದೆ ಮಣ್ಣನ್ನು ಮುಟ್ಟಿ ನಿಲ್ಲುತ್ತದೆ.

"ಮುಚ್ಚಿಬಿಟ್ಟೆಯಾ?"

"ಮುಚ್ಚಿದೆ."

ನಲ್ಲಿಯಿಂದ ಒಂದು ಹನಿ ಬೀಳುತ್ತದೆ. ಯಜಮಾನರು ಮುಖದ ಮೇಲಿಂದ ಕೈ ತೆಗೆಯದೆಯೇ ಹೆಂಡತಿಯಿರುವ ದಿಕ್ಕಿಗೆ ಕತ್ತು ತಿರುಗಿಸುತ್ತಾರೆ.

"ಇವಳೇ, ಮುಖ ಒಂದನ್ನ ಕೊಡು. ಪೂರ್ತಿ ಬೇಡ, ಮುಖ ಸಾಕು. ಇಸ್ತ್ರಿಯವನದು ಒಣಗಿದ್ದಕ್ಕೆ ತಾನೇ ಉದುರಿದ್ದು? ನಾನು ಒಣಗೋಕೆ ಬಿಡೋದಿಲ್ಲ. ಗಾರೆ ಕೆಲಸದವನು ನಾನು, ನೀರು ಕುಡಿಸೋದು ನನಗೆ ಗೊತ್ತಿಲ್ವಾ? ಮಂಚದ ಪಕ್ಕದಲ್ಲೇ ಇಟ್ಕೋತೀನಿ. ಒದ್ದೆ ಬಟ್ಟೆ ಹಾಕ್ತೀನಿ. ಒಣಗ್ತಾ ಬಂದ ಹಾಗೆ ತೆಗೆದು, ಅದ್ದಿ, ಹಿಂಡಿ, ಮತ್ತೆ ಹಾಕ್ತಾ ಇರ್ತೀನಿ. ನನಗೇನು ಬೇರೆ ಕೆಲಸ ಇದೆ ಹೇಳು?"

ಅತ್ತೆ, ಕೊಟ್ಟುಬಿಡಿ ಎಂದು ಸೊಸೆ ಮೆಲ್ಲಗೆ ಹೇಳುತ್ತಾಳೆ. ಮೇಸ್ತ್ರಿ ಬೆನ್ನು ತಿರುಗಿಸಿ ನಿಂತಿದ್ದಾನೆ.

ಉಳಿಯಕ್ಕ ಬಗ್ಗಿ, ಗಂಡನ ಕೈಯನ್ನು ಮಗಳ ಮುಖದಿಂದ ಬಿಡಿಸಿಕೊಳ್ಳುತ್ತಾರೆ. ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ, ಬೆರಳುಗಳಿಗೆ ಅಂಟಿದ ಮಣ್ಣನ್ನು ಒಂದೊಂದಾಗಿ ಒರೆಸುತ್ತಾರೆ.

"ಇಲ್ಲ ರೀ. ಜ್ವರದ ಆ ಬಟ್ಟೆ ನಾನು ಇನ್ನೊಂದ್ಸಲ ಅದ್ದೋದಿಲ್ಲ. ನಿಮಗೂ ಅದ್ದೋಕೆ ಬಿಡೋದಿಲ್ಲ. ಕೊಡೋದಿಲ್ಲ ನಾನು."